ಹಾಡೇ ಅನ್ನ, ರಂಗವೇ ಆಸರೆ: ಪಂಚಾಕ್ಷರ ಗವಾಯಿಗಳ ಸಂಚಾರಿ ಬಳಗ

ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಶ್ರಾವಣ ಮಾಸ ಕಾಲಿಟ್ಟಿತೆಂದರೆ ಮಠ-ಗುಡಿಗಳ ಅಂಗಳದಲ್ಲಿ ಪುರಾಣ ಪ್ರವಚನಗಳು ಆರಂಭವಾಗುತ್ತವೆ. ಶಾಸ್ತ್ರಿಗಳು ಶರಣರ ಕಥೆಯನ್ನು ಬಿಡಿಸಿ ಹೇಳುತ್ತಿದ್ದರೆ, ಪಕ್ಕದಲ್ಲಿ ಹಾರ್ಮೋನಿಯಂ ಮುಂದೆ ಕುಳಿತ ಗವಾಯಿ ಕಥೆಯ ಒಂದೊಂದು ತಿರುವಿಗೂ ಹಾಡಿನ ಮೆರುಗು ಕೊಡುತ್ತಾರೆ. ತಬಲಾ ಅದಕ್ಕೆ ಜೊತೆಯಾಗುತ್ತದೆ. ಕಲ್ಯಾಣ ಕರ್ನಾಟಕದ ಇಂಥ ವೇದಿಕೆಗಳಲ್ಲಿ ಹಾಡುವ, ನುಡಿಸುವ ಅನೇಕರ ಕಲಿಕೆಯ ಬೇರು ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿದೆ. ಅವರಲ್ಲಿ ಕಣ್ಣು ಕಾಣದವರೂ ಇದ್ದಾರೆ. ಭಿಕ್ಷೆಯೊಂದೇ ಗತಿ ಎಂದು ಸಮಾಜ ತೀರ್ಮಾನಿಸಿದ್ದ ಮಕ್ಕಳಿಗೆ ಸ್ವರವನ್ನು ಕಲಿಸಿ, ಆ ಸ್ವರದಿಂದಲೇ ಬಾಳುವ ದಾರಿಯನ್ನು ತೋರಿಸಿದ ಈ ಪರಂಪರೆಯ ಮೂಲಪುರುಷರು ಪಂಚಾಕ್ಷರ ಗವಾಯಿ.

ಹಿಂದೂಸ್ತಾನಿ ಮತ್ತು ಕರ್ನಾಟಕ ಪದ್ಧತಿಗಳೆರಡನ್ನೂ ಬಲ್ಲ ಉಭಯಗಾನ ವಿಶಾರದರೆಂದು ನಾಡು ಅವರನ್ನು ನೆನೆಯುತ್ತದೆ. ಆದರೆ ಅವರು ನಾಟಕ ಕಂಪನಿಯೊಂದನ್ನು ಕಟ್ಟಿ ಊರೂರು ತಿರುಗಿದರೆಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಒಬ್ಬ ಶಾಸ್ತ್ರೀಯ ಗಾಯಕ ರಂಗಭೂಮಿಯ ಸಾಹಸಕ್ಕೆ ಇಳಿದದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಅವರ ಇಡೀ ಬದುಕಿನಲ್ಲಿದೆ.

ಕಾಡಶೆಟ್ಟಿಹಳ್ಳಿಯ ಗದಿಗೆಯ್ಯ

ಈಗಿನ ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರ ಫೆಬ್ರುವರಿ 2ರಂದು ಅವರ ಜನನ. ಆ ಭಾಗ ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಬಾಲ್ಯದ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ. ಮನೆಯಲ್ಲಿ ಸಿರಿತನವೂ ಇರಲಿಲ್ಲ.

ಅಂಥ ಕೂಸಿಗೆ ಆ ಕಾಲದಲ್ಲಿ ತೆರೆದಿದ್ದ ದಾರಿಗಳು ಎಷ್ಟು ಎಂಬುದನ್ನು ಗಮನಿಸಬೇಕು. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಶಾಲೆಯೊಂದು ಆರಂಭವಾದದ್ದು 1901ರಲ್ಲಿ. ಬೇರೊಂದು ಆಡಳಿತದ ಅಡಿಯಲ್ಲಿದ್ದ ಹಾನಗಲ್ ಸೀಮೆಯ ಬಡ ಕುಟುಂಬಕ್ಕೆ ಅದು ಎಟುಕದ ದೂರ. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಬ್ರೈಲ್ ಲಿಪಿ ರೂಪುಗೊಂಡದ್ದು 1951ರಲ್ಲಿ, ಅಂದರೆ ಗವಾಯಿಗಳು ತೀರಿಕೊಂಡು ಏಳು ವರ್ಷಗಳಾದ ಮೇಲೆ. ಓದು ಇಲ್ಲ, ಕಸುಬು ಇಲ್ಲ. ಗುಡಿಯ ಬಾಗಿಲಲ್ಲಿ, ಸಂತೆಯ ಬೀದಿಯಲ್ಲಿ ಕೈಚಾಚುವುದೇ ಅಂಧರ ಪಾಲಿಗೆ ಉಳಿದಿದ್ದ ವೃತ್ತಿ. ಹಾಡು ಬಲ್ಲವನಿಗೆ ಒಂದು ಹಿಡಿ ಜೋಳ ಹೆಚ್ಚು ಸಿಗುತ್ತಿತ್ತು, ಅಷ್ಟೇ.

ಗದಿಗೆಯ್ಯನ ಬದುಕು ಆ ದಾರಿಯನ್ನು ಹಿಡಿಯದಂತೆ ತಡೆದವರು ಹಾನಗಲ್ ವಿರಕ್ತಮಠದ ಕುಮಾರ ಸ್ವಾಮಿಗಳು (1867-1930). 1904ರಲ್ಲಿ ವೀರಶೈವ ಮಹಾಸಭೆಯ ಸ್ಥಾಪನೆಗೆ, 1909ರಲ್ಲಿ ಬಾದಾಮಿ ಸಮೀಪದ ಶಿವಯೋಗ ಮಂದಿರದ ಸ್ಥಾಪನೆಗೆ ಕಾರಣರಾದ ಈ ಸ್ವಾಮಿಗಳು ಬಾಲಕನ ಕಂಠದಲ್ಲಿದ್ದ ಶಕ್ತಿಯನ್ನು ಗುರುತಿಸಿದರು. ಅನುಕಂಪ ತೋರಿ ಊಟ ಹಾಕಿಸಿ ಕಳುಹಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ, ಗುರುಗಳ ಬಳಿಗೆ ಕಳುಹಿಸಿದರು. ಬಾಲಕನ ಶಿಕ್ಷಣದ ಹೊಣೆಯನ್ನು ತಾವೇ ಹೊತ್ತರು.

ಎರಡು ಪದ್ಧತಿ, ಒಂದೇ ಕಂಠ

ಗದಿಗೆಯ್ಯ ಮೊದಲು ಅಭ್ಯಾಸ ಮಾಡಿದ್ದು ಕರ್ನಾಟಕ ಸಂಗೀತವನ್ನು. ಉತ್ತರ ಕರ್ನಾಟಕದಲ್ಲಿ ಆಗ ಹಿಂದೂಸ್ತಾನಿ ಪದ್ಧತಿಯ ಗಾಳಿ ಬಲವಾಗಿ ಬೀಸತೊಡಗಿತ್ತು. ಮೀರಜ್ ಆ ಸಂಗೀತದ ಹೆಬ್ಬಾಗಿಲಾಗಿತ್ತು. ಅಲ್ಲಿನ ನೀಲಕಂಠ ಬುವಾ ಅವರಿಂದ ಗದಿಗೆಯ್ಯನಿಗೆ ಗ್ವಾಲಿಯರ್ ಘರಾಣೆಯ ಶಿಕ್ಷಣ ದೊರೆಯಿತು. ಮುಂದೆ ಮಲ್ಲಿಕಾರ್ಜುನ ಮನ್ಸೂರರಿಗೂ ಗುರುಗಳಾದವರು ಇದೇ ನೀಲಕಂಠ ಬುವಾ. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಿಂದಲೂ ಅವರು ಪಾಠ ಪಡೆದರು. ಹಾಡುಗಾರಿಕೆಯ ಜೊತೆಗೆ ತಬಲಾ ಮೊದಲಾದ ವಾದ್ಯಗಳ ಮೇಲೂ ಹಿಡಿತ ಸಾಧಿಸಿದರು.

ಇಲ್ಲಿಗೆ ನಿಂತಿದ್ದರೆ ಇದು ಒಬ್ಬ ಪ್ರತಿಭಾವಂತ ಗಾಯಕನ ಕಥೆಯಾಗುತ್ತಿತ್ತು. ಸಂಸ್ಥಾನಗಳ ಆಶ್ರಯ, ದೊಡ್ಡ ಊರುಗಳ ಮೈಫಿಲ್‌ಗಳು, ಧ್ವನಿಮುದ್ರಿಕೆಗಳ ಹೊಸ ಮಾರುಕಟ್ಟೆ ಆ ಕಾಲದ ಕಲಾವಿದರನ್ನು ಕೈಬೀಸಿ ಕರೆಯುತ್ತಿದ್ದವು. ಎರಡು ಪದ್ಧತಿಗಳನ್ನು ಬಲ್ಲ ಗಾಯಕನಿಗೆ ಅಲ್ಲಿ ಸ್ಥಾನ ಸಿಗುವುದು ಕಷ್ಟವಿರಲಿಲ್ಲ. ಆದರೆ ಕುಮಾರ ಸ್ವಾಮಿಗಳು ಶಿಷ್ಯನ ಮುಂದಿಟ್ಟ ಅಪೇಕ್ಷೆ ಬೇರೆಯದಾಗಿತ್ತು. ತಾನು ಪಡೆದ ವಿದ್ಯೆಯನ್ನು ತನ್ನಂತೆಯೇ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳಿಗೆ ಹಂಚಬೇಕು ಎಂಬುದು ಅದರ ಸಾರ. ಗದಿಗೆಯ್ಯ ಅದನ್ನು ಒಪ್ಪಿದರು. ಸಂಸಾರದ ಗೊಡವೆಗೆ ಹೋಗದೆ ಬದುಕನ್ನೆಲ್ಲ ಅದಕ್ಕೇ ಮೀಸಲಿಟ್ಟರು. ಪಂಚಾಕ್ಷರ ಗವಾಯಿ ಎಂಬ ಹೆಸರಿನಿಂದ ನಾಡಿಗೆ ಪರಿಚಿತರಾದರು.

ನೆಲೆಯಿಲ್ಲದ ಶಾಲೆ

1914ರಲ್ಲಿ, ಈಗಿನ ಗದಗ ಜಿಲ್ಲೆಯ ನಿಡಗುಂದಿಕೊಪ್ಪದಲ್ಲಿ ಅವರ ಸಂಗೀತ ಶಾಲೆ ಆರಂಭವಾಯಿತು. ವೀರೇಶ್ವರ ಪುಣ್ಯಾಶ್ರಮದ ಮೊಳಕೆ ಅದು. ಶಾಲೆ ಎಂದೊಡನೆ ಕಣ್ಣ ಮುಂದೆ ಬರುವ ಕಟ್ಟಡ, ಹಲಗೆ, ಗಂಟೆ ಯಾವುದೂ ಅದಕ್ಕೆ ಇರಲಿಲ್ಲ. ಬಹುಕಾಲ ಅದೊಂದು ಸಂಚಾರಿ ಶಾಲೆಯಾಗಿಯೇ ನಡೆಯಿತು. ಗುರು ಎಲ್ಲಿ ಬಿಡಾರ ಹೂಡುತ್ತಾರೋ ಅಲ್ಲಿಯೇ ಪಾಠ. ಒಂದು ಊರಿನ ಮಠದಲ್ಲಿ ಕೆಲವು ದಿನ, ಮತ್ತೊಂದು ಊರಿನ ಗುಡಿಯಲ್ಲಿ ಕೆಲವು ದಿನ.

ಅಂಧ ಮಕ್ಕಳ ಜೊತೆಗೆ ಕಣ್ಣಿರುವ ಬಡ ಮಕ್ಕಳೂ ಬಳಗವನ್ನು ಸೇರಿದರು. ಜಾತಿಯ ಕಟ್ಟು ಬಿಗಿಯಾಗಿದ್ದ ಕಾಲದಲ್ಲಿ ಈ ಆಶ್ರಮ ವಿದ್ಯಾರ್ಥಿಯ ಕುಲವನ್ನು ಕೇಳಲಿಲ್ಲ. ಬರೆದುಕೊಳ್ಳಲು ಸಾಧ್ಯವಿಲ್ಲದ ಮಕ್ಕಳಿಗೆ ಪಾಠವೆಲ್ಲ ಕಿವಿಯ ಮೂಲಕವೇ ಸಾಗಬೇಕಿತ್ತು. ಗುರು ಹಾಡಿದ್ದನ್ನು ಶಿಷ್ಯ ಹಾಡಬೇಕು, ತಪ್ಪಿದರೆ ಮತ್ತೆ ಹಾಡಬೇಕು. ಸಾಹಿತ್ಯ, ಸ್ವರ, ತಾಳ ಮೂರೂ ನೆನಪಿನಲ್ಲಿಯೇ ನೆಲೆಸಬೇಕು. ಗುರುವಿಗೂ ಕಣ್ಣಿರಲಿಲ್ಲವಾದ್ದರಿಂದ ಈ ವಿಧಾನದ ಕಷ್ಟವನ್ನೂ ಬಲವನ್ನೂ ಅವರು ಸ್ವಂತ ಅನುಭವದಿಂದಲೇ ಬಲ್ಲವರಾಗಿದ್ದರು.

ಪಾಠಕ್ಕಿಂತ ದೊಡ್ಡ ಸಮಸ್ಯೆ ಊಟದ್ದು. ಬಳಗದ ಮಕ್ಕಳಿಂದ ಶುಲ್ಕ ಬರುವಂತಿರಲಿಲ್ಲ. ಸರ್ಕಾರದ ಅನುದಾನವನ್ನು ನೆಚ್ಚುವ ಕಾಲವೂ ಅದಲ್ಲ. ಭಕ್ತರು ಕೊಟ್ಟ ಕಾಳುಕಡಿ, ಗವಾಯಿಗಳ ಕಛೇರಿಗಳಿಂದ ಬಂದ ಸಂಭಾವನೆ ಇವೇ ಆದಾಯ. ಮಳೆ ಕೈಕೊಟ್ಟ ವರ್ಷ ರೈತನ ಕಣಜ ಬರಿದಾದರೆ ಆಶ್ರಮದ ಒಲೆಯೂ ಆರುತ್ತಿತ್ತು. ಬಳಗ ಬೆಳೆದಂತೆ ಒಬ್ಬ ಗಾಯಕನ ಗಳಿಕೆ ಸಾಲದಾಯಿತು. ದಾನದ ಮೇಲೆಯೇ ಬದುಕುವುದಾದರೆ ಮಕ್ಕಳನ್ನು ಭಿಕ್ಷೆಯಿಂದ ಬಿಡಿಸಿ ತಂದುದಕ್ಕೆ ಅರ್ಥವೇನು ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಇತ್ತು.

ರಂಗವೇರಿದ ಆಶ್ರಮ

ಈ ಸಂಕಟದಿಂದಲೇ ಕುಮಾರೇಶ್ವರರ ಹೆಸರಿನ ನಾಟಕ ಕಂಪನಿ ಹುಟ್ಟಿತು. ಅದು ಉತ್ತರ ಕರ್ನಾಟಕದ ವೃತ್ತಿ ರಂಗಭೂಮಿಯ ವೈಭವದ ಕಾಲ. ಶಿರಹಟ್ಟಿ ವೆಂಕೋಬರಾಯರು, ವಾಮನರಾವ್ ಮಾಸ್ತರರು, ಗದಗದಲ್ಲಿ ದತ್ತಾತ್ರೇಯ ನಾಟಕ ಮಂಡಳಿಯನ್ನು ಕಟ್ಟಿದ ಗರುಡ ಸದಾಶಿವರಾಯರು ಜನಮನವನ್ನು ಸೂರೆಗೊಂಡಿದ್ದರು. ಮರಾಠಿ ಸಂಗೀತ ನಾಟಕಗಳ ಪ್ರಭಾವ ಗಾಢವಾಗಿತ್ತು. ನಾಟಕವೆಂದರೆ ಮುಖ್ಯವಾಗಿ ಹಾಡು. ನಟನಾದವನು ತನ್ನ ಹಾಡನ್ನು ತಾನೇ ಹಾಡಬೇಕು. ಹಾಡು ಮೆಚ್ಚಿಗೆಯಾದರೆ ಪ್ರೇಕ್ಷಕರು ಒನ್ಸ್ ಮೋರ್ ಕೂಗಿ ಕಥೆಯನ್ನೇ ತಡೆದು ನಿಲ್ಲಿಸುತ್ತಿದ್ದರು.

ಇಂಥ ರಂಗಭೂಮಿಯಲ್ಲಿ ಪಂಚಾಕ್ಷರ ಗವಾಯಿಗಳ ಬಳಗಕ್ಕೆ ಸಹಜವಾದ ಜಾಗವಿತ್ತು. ಹಾರ್ಮೋನಿಯಂ, ತಬಲಾ, ಹಿಮ್ಮೇಳದ ಗಾಯನಗಳಿಗೆ ಬೇಕಾದದ್ದು ಕಿವಿ ಮತ್ತು ನೆನಪು. ಅವೆರಡೂ ಈ ಮಕ್ಕಳಲ್ಲಿ ಹರಿತವಾಗಿದ್ದವು. ಶರಣರ, ಸತ್ಪುರುಷರ ಕಥೆಗಳು ಹಳ್ಳಿಯ ಜನರಿಗೆ ಪರಿಚಿತ. ಆ ಕಥೆಗಳಿಗೆ ಶಾಸ್ತ್ರೀಯ ರಾಗಗಳ ತಳಹದಿ ದೊರೆತಾಗ, ಸಂಗೀತ ಕಛೇರಿಯ ಹೊಸ್ತಿಲನ್ನು ಎಂದೂ ತುಳಿಯದ ಒಕ್ಕಲಿಗನ ಕಿವಿಗೂ ಆ ರಾಗಗಳು ತಲುಪಿದವು.

ಕಛೇರಿಯಲ್ಲಿ ಒಬ್ಬ ಗಾಯಕನೇ ಕೇಂದ್ರ. ನಾಟಕ ಹಾಗಲ್ಲ. ಹಾಡುವವನು, ನುಡಿಸುವವನು, ಮಾತನಾಡುವವನು, ಪರದೆ ಎಳೆಯುವವನು, ಬಣ್ಣ ಹಚ್ಚುವವನು, ಅಡುಗೆ ಮಾಡುವವನು ಎಲ್ಲರೂ ಸೇರಿದರೆ ಮಾತ್ರ ರಾತ್ರಿಯ ಆಟ. ಪಾತ್ರಧಾರಿಯ ಪ್ರವೇಶಕ್ಕೆ ಸರಿಯಾಗಿ ಸ್ವರ ಹಿಡಿಯದಿದ್ದರೆ ದೃಶ್ಯವೇ ಕುಸಿಯುತ್ತದೆ. ಹೀಗೆ ಒಬ್ಬರನ್ನೊಬ್ಬರು ಆತುಕೊಂಡು ನಿಲ್ಲುವ ಕಟ್ಟಳೆಯಲ್ಲಿ ಕಣ್ಣಿದ್ದವರು ಕಣ್ಣಿಲ್ಲದವರಿಗೆ ದಾರಿ ತೋರಿದರೆ, ಕಣ್ಣಿಲ್ಲದವರು ಕಣ್ಣಿದ್ದವರಿಗೆ ಶ್ರುತಿಯ ಜಾಡನ್ನು ತೋರಬಲ್ಲವರಾಗಿದ್ದರು. ಟಿಕೇಟಿನ ಹಣ ಕೊಟ್ಟು ಒಳಬಂದ ಪ್ರೇಕ್ಷಕ ದಾನಿಯಲ್ಲ, ಗಿರಾಕಿ. ಹಾಡಿದ ಹುಡುಗ ಭಿಕ್ಷುಕನಲ್ಲ, ಕಲಾವಿದ. ಗವಾಯಿಗಳು ತಮ್ಮ ಮಕ್ಕಳಿಗೆ ದೊರಕಿಸಿಕೊಟ್ಟ ಬಿಡುಗಡೆ ಈ ಸಣ್ಣ ವ್ಯತ್ಯಾಸದಲ್ಲಿ ಅಡಗಿತ್ತು.

ಲಾಭ ಕಡಿಮೆ, ಹೊಣೆ ಹೆಚ್ಚು

ಆದರೆ ನಾಟಕ ಕಂಪನಿಯೆಂಬುದು ಎಂದೂ ಸುಲಭದ ವ್ಯವಹಾರವಲ್ಲ. ಒಂದು ಊರಿನಲ್ಲಿ ಕ್ಯಾಂಪು ಹಾಕಬೇಕೆಂದರೆ ತಗಡು-ತಟ್ಟಿಗಳ ಥೇಟರು ಎಬ್ಬಿಸಬೇಕು. ಚಿತ್ರ ಬಿಡಿಸಿದ ಪರದೆ, ಉಡುಪು, ಆಭರಣ, ದೀಪಗಳ ಪೆಟ್ಟಿಗೆಗಳನ್ನು ಬಂಡಿಗಳಲ್ಲಿ ಹೇರಿಕೊಂಡು ಹೋಗಬೇಕು. ಜಾಗದ ಬಾಡಿಗೆ, ಕೂಲಿ, ಇಡೀ ಬಳಗದ ಊಟ ಇವೆಲ್ಲ ಆಟ ನಡೆದರೂ ನಡೆಯದಿದ್ದರೂ ತಪ್ಪದ ಖರ್ಚು. ಜಾತ್ರೆಯ ಹಂಗಾಮಿನಲ್ಲಿ ತುಂಬಿದ ಪೆಟ್ಟಿಗೆ ಮಳೆಗಾಲದಲ್ಲಿ ಬರಿದಾಗುತ್ತಿತ್ತು. 1934ರಲ್ಲಿ ಕನ್ನಡದ ವಾಕ್ಚಿತ್ರ ಸತಿ ಸುಲೋಚನಾ ತೆರೆಕಂಡ ಮೇಲೆ ನಾಟಕ ಕಂಪನಿಗಳೆಲ್ಲಕ್ಕೂ ಹೊಸ ಎದುರಾಳಿಯೇ ಹುಟ್ಟಿಕೊಂಡಿತು.

ಬೇರೆ ಮಾಲೀಕರಿಗೆ ನಷ್ಟವಾದರೆ ಕಂಪನಿಯನ್ನು ಮುಚ್ಚಿ ನಟರನ್ನು ಮನೆಗೆ ಕಳುಹಿಸುವ ಅವಕಾಶವಿತ್ತು. ಗವಾಯಿಗಳಿಗೆ ಆ ಅವಕಾಶವೂ ಇರಲಿಲ್ಲ. ಅವರ ಬಳಗದ ಎಷ್ಟೋ ಮಕ್ಕಳಿಗೆ ಹೋಗಲು ಮನೆಯೇ ಇರಲಿಲ್ಲ. ಹಾಗಾಗಿ ಗಳಿಕೆಯ ದಿನಗಳಲ್ಲಿಯೂ ಕೊರತೆಯ ದಿನಗಳಲ್ಲಿಯೂ ಕಂಪನಿ ಮತ್ತು ಆಶ್ರಮ ಒಂದೇ ಪಂಕ್ತಿಯಲ್ಲಿ ಉಂಡವು, ಒಂದೇ ಪಂಕ್ತಿಯಲ್ಲಿ ಉಪವಾಸವಿದ್ದವು. ರಂಗದ ಆದಾಯ ಸಂಪತ್ತನ್ನು ತಂದುಕೊಡಲಿಲ್ಲ. ಬಳಗ ಚದುರದಂತೆ ಹಿಡಿದಿಟ್ಟದ್ದೇ ಅದರ ದೊಡ್ಡ ಸಾಧನೆ.

ಇಬ್ಬರು ಶಿಷ್ಯರು

ಈ ಬಳಗ ನಾಡಿಗೆ ಏನನ್ನು ಕೊಟ್ಟಿತು ಎಂಬುದಕ್ಕೆ ಇಬ್ಬರು ಶಿಷ್ಯರ ಬದುಕನ್ನು ನೋಡಿದರೆ ಸಾಕು. ಧಾರವಾಡ ಸೀಮೆಯ ಯಲಿವಾಳದ ಬಸವರಾಜ ರಾಜಗುರು ಹುಡುಗನಾಗಿದ್ದಾಗ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಹಾಡಿದವರು. ತಂದೆಯನ್ನು ಕಳೆದುಕೊಂಡ ಆ ಬಾಲಕನ ಕಂಠಸಿರಿಯನ್ನು ಗುರುತಿಸಿ ಗವಾಯಿಗಳು ತಮ್ಮ ಬಳಗಕ್ಕೆ ಸೇರಿಸಿಕೊಂಡರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ 600ನೇ ವರ್ಷದ ಉತ್ಸವ ನಡೆದಾಗ ರಾಜಗುರು ಮೊದಲ ಬಾರಿಗೆ ದೊಡ್ಡ ಸಭೆಯ ಮುಂದೆ ಹಾಡಿದರು. ಅಂದು ತಬಲಾ ಸಾಥಿಗೆ ಕುಳಿತವರು ಸ್ವತಃ ಪಂಚಾಕ್ಷರ ಗವಾಯಿಗಳು. ಶಿಷ್ಯನನ್ನು ಮುಂದೆ ಕೂರಿಸಿ ಗುರು ಪಕ್ಕಕ್ಕೆ ಸರಿದು ಲಯ ಹಿಡಿದ ಆ ಸಂಜೆ ಗವಾಯಿಗಳ ನಿಲುವನ್ನು ಸಾರಿ ಹೇಳಿತು. ರಾಜಗುರು ಮುಂದೆ ಹಿಂದೂಸ್ತಾನಿ ಸಂಗೀತದ ಮೇರು ಗಾಯಕರಲ್ಲಿ ಒಬ್ಬರಾಗಿ, 1991ರಲ್ಲಿ ತೀರಿಕೊಳ್ಳುವ ತನಕ ಹಾಡಿದರು.

ಇನ್ನೊಬ್ಬರು ಪುಟ್ಟರಾಜ ಗವಾಯಿ. ಆಶ್ರಮ ಹುಟ್ಟಿದ 1914ರಲ್ಲಿಯೇ, ಮಾರ್ಚ್ 3ರಂದು, ಹಾವೇರಿ ಸಮೀಪದ ದೇವಗಿರಿಯಲ್ಲಿ ಜನಿಸಿದ ಇವರು ಹಸುಳೆಯಾಗಿದ್ದಾಗಲೇ ದೃಷ್ಟಿ ಕಳೆದುಕೊಂಡಿದ್ದರು. ಸೋದರಮಾವ ಈ ಬಾಲಕನನ್ನು ಪಂಚಾಕ್ಷರ ಗವಾಯಿಗಳ ಮಡಿಲಿಗೆ ಹಾಕಿದರು. ಸಂಗೀತದ ಜೊತೆಗೆ ರಂಗದ ಕಸುಬೂ ಪುಟ್ಟರಾಜರಿಗೆ ಕರಗತವಾಯಿತು. ಅವರು ನಾಟಕಗಳನ್ನು ಬರೆದರು, ಅವುಗಳಿಗೆ ಸಂಗೀತ ಅಳವಡಿಸಿದರು, ಗುರುವಿನ ಅನಂತರ ಕಂಪನಿಯನ್ನೂ ಆಶ್ರಮವನ್ನೂ ಮುನ್ನಡೆಸಿದರು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲಿಯೂ ಗ್ರಂಥರಚನೆ ಮಾಡಿದ ಅವರಿಗೆ 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು.

ಗದಗದಲ್ಲಿ ನೆಲೆ

ದಶಕಗಳ ಅಲೆದಾಟದ ಬಳಿಕ ಬಳಗಕ್ಕೆ ಗದಗದಲ್ಲಿ ಸ್ವಂತ ನೆಲೆ ಸಿಕ್ಕಿತು. ದಾನಿ ಬಸರಿಗಿಡದ ವೀರಪ್ಪನವರು ಆಶ್ರಮಕ್ಕೆ ಆಸರೆ ಕಲ್ಪಿಸಿದರು. ಆದರೆ ನೆಲೆ ನಿಂತ ಸುಖವನ್ನು ಗವಾಯಿಗಳು ಹೆಚ್ಚು ಕಾಲ ಕಾಣಲಿಲ್ಲ. 1944ರ ಜೂನ್ 11ರಂದು, 52ನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದರು. ಬಿಟ್ಟುಹೋದದ್ದು ಆಸ್ತಿಯನ್ನಲ್ಲ, ಹಸಿದ ಮಕ್ಕಳ ದೊಡ್ಡ ಸಂಸಾರವನ್ನು ಮತ್ತು ಅದನ್ನು ಸಾಕುವ ವಿದ್ಯೆಯನ್ನು.

ಆ ಹೊಣೆ 30 ವರ್ಷದ ಪುಟ್ಟರಾಜರ ಹೆಗಲೇರಿತು. ಗುರುವಿನೊಡನೆಯೇ ಮುಗಿದುಹೋಗಬಹುದಾಗಿದ್ದ ಸಂಸ್ಥೆ ಮುಂದಿನ 66 ವರ್ಷ ಅವರ ಕೈಯಲ್ಲಿ ಬೆಳೆಯಿತು.

ಗಡಿ ದಾಟಿದ ಸ್ವರ

ಗವಾಯಿಗಳು ಬದುಕಿದ್ದ ಕಾಲದಲ್ಲಿ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು. ಗದಗ ಮುಂಬೈ ಪ್ರಾಂತ್ಯದಲ್ಲಿದ್ದರೆ ಯಾದಗಿರಿ, ಶಹಾಪುರ, ಸುರಪುರಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಪತನದೊಂದಿಗೆ ಸುರಪುರದ ನಾಯಕರ ಆಳ್ವಿಕೆ ಕೊನೆಗೊಂಡು, ಆ ನೆಲ ನಿಜಾಮರ ಪಾಲಾಗಿತ್ತು. ಉರ್ದು ಅಲ್ಲಿ ಆಡಳಿತದ ಭಾಷೆ. 1929ರ ಗಸ್ತಿ ನಿಶಾನ್ 53 ಎಂಬ ಸುತ್ತೋಲೆಯಿಂದ ಸಾರ್ವಜನಿಕ ಸಭೆಗೂ ಮುಂಚಿತವಾಗಿ ಅನುಮತಿ ಪಡೆಯಬೇಕಾದ ಸ್ಥಿತಿ ಬಂದಿತ್ತು.

ಅಂಥ ಕಾಲದಲ್ಲಿ ಕನ್ನಡ ಜೀವ ಹಿಡಿದುಕೊಂಡಿದ್ದು ಹಾಡಿನಲ್ಲಿ. ತಿಂಥಣಿಯ ಮೌನೇಶ್ವರರ ಸನ್ನಿಧಿಯಲ್ಲಿ ಹಿಂದೂ-ಮುಸ್ಲಿಮರು ಒಂದಾಗಿ ಸೇರುತ್ತಿದ್ದರು. ನೆರೆಯ ಕಡಕೋಳದ ಮಡಿವಾಳಪ್ಪನವರ ತತ್ವಪದಗಳು ಜಾತಿ-ಮತದ ಬೇಲಿಯನ್ನು ದಾಟಿ ಏಕತಾರಿಯ ಮೇಲೆ ಊರೂರು ತಿರುಗುತ್ತಿದ್ದವು. ಭಜನಾ ಮೇಳ, ಬಯಲಾಟ, ಪುರಾಣಗಳು ಜನ ಒಂದೆಡೆ ಕೂಡಿ ಕನ್ನಡವನ್ನು ಕೇಳುವ ನೆಪಗಳಾಗಿದ್ದವು. ಗದಗದ ಆಶ್ರಮದಿಂದ ವಿದ್ಯೆ ಪಡೆದು ಹೊರಬಂದ ಗವಾಯಿಗಳಿಗೆ ಈ ಸೀಮೆಯ ಮಠ-ಗುಡಿಗಳಲ್ಲಿ ಸಿದ್ಧ ವೇದಿಕೆಯೂ ಹಸಿದ ಕಿವಿಗಳೂ ಇದ್ದವು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ವಿಮೋಚನೆಗೊಂಡಿತು. 1956ರ ನವೆಂಬರ್ 1ರಂದು ಈ ಭಾಗ ಕನ್ನಡ ನಾಡಿನೊಡನೆ ಒಂದಾಯಿತು. ಕಾಕತಾಳೀಯವೆಂಬಂತೆ, ಪುಟ್ಟರಾಜ ಗವಾಯಿಗಳು ಕೊನೆಯುಸಿರೆಳೆದದ್ದೂ ವಿಮೋಚನೆಯ ದಿನದಂದೇ, 2010ರ ಸೆಪ್ಟೆಂಬರ್ 17ರಂದು.

ಪಂಚಾಕ್ಷರ ಗವಾಯಿಗಳ ಹೆಸರು ಸ್ವಾತಂತ್ರ್ಯ ಹೋರಾಟಗಾರರ ಸಾಲಿನಲ್ಲಿ ನಿಲ್ಲುವಂಥದ್ದಲ್ಲ. ಅವರು ಬಾವುಟ ಹಿಡಿಯಲಿಲ್ಲ, ಭಾಷಣ ಮಾಡಲಿಲ್ಲ. ಆದರೆ ಬೇರೆಯವರ ಕೈಹಿಡಿದು ನಡೆಯಬೇಕಾದ ಮನುಷ್ಯನೂ ಬೇರೆಯವರ ಹಂಗಿನಲ್ಲಿ ಬದುಕಬೇಕಿಲ್ಲ ಎಂಬುದನ್ನು ಮಾಡಿ ತೋರಿಸಿದರು. ಆಳರಸರ ಕಾಯಿದೆ ಕೊಡಲಾರದ ಸ್ವಾತಂತ್ರ್ಯ ಅದು.

ಬೆಳ್ಳಿತೆರೆಯ ಮೇಲೆ

ಗವಾಯಿಗಳ ಬದುಕನ್ನು ತೆರೆಗೆ ತಂದವರೂ ರಂಗಭೂಮಿಯ ಹಿನ್ನೆಲೆಯವರೇ ಎಂಬುದು ಗಮನಾರ್ಹ. ದಾವಣಗೆರೆಯ ಚಿಂದೋಡಿ ನಾಟಕ ಕುಟುಂಬದ ಚಿಂದೋಡಿ ಬಂಗಾರೇಶ್ 1995ರಲ್ಲಿ ಗವಾಯಿಗಳ ಕುರಿತ ಚಲನಚಿತ್ರವನ್ನು ನಿರ್ದೇಶಿಸಿದರು. ಅದರ ಸಂಗೀತಕ್ಕಾಗಿ ಹಂಸಲೇಖ ಅವರಿಗೆ, ಗಾಯನಕ್ಕಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರಪ್ರಶಸ್ತಿಗಳು ಬಂದವು. ನಗರಗಳ ಹೊಸ ತಲೆಮಾರಿಗೆ ಗವಾಯಿಗಳ ಹೆಸರು ಪರಿಚಯವಾದದ್ದು ಬಹುಮಟ್ಟಿಗೆ ಈ ಚಿತ್ರದಿಂದ.

ವೃತ್ತಿ ರಂಗಭೂಮಿಯ ಆ ವೈಭವ ಈಗಿಲ್ಲ. ಕೈಬೆರಳೆಣಿಕೆಯ ಕಂಪನಿಗಳು ಜಾತ್ರೆಯಿಂದ ಜಾತ್ರೆಗೆ ಕ್ಯಾಂಪು ಬದಲಿಸುತ್ತ ಉಸಿರು ಹಿಡಿದುಕೊಂಡಿವೆ. ಹಾಡನ್ನು ತಾನೇ ಹಾಡಬಲ್ಲ ನಟರೂ ವಿರಳವಾಗಿದ್ದಾರೆ. ಅಂಧ ಮಕ್ಕಳಿಗೆ ಶಾಲೆ, ಬ್ರೈಲ್ ಪುಸ್ತಕ, ಮೀಸಲಾತಿ, ಮಾತನಾಡುವ ಕಂಪ್ಯೂಟರುಗಳು ಬಂದಿವೆ. ಆದರೂ ಹಳ್ಳಿಗಾಡಿನ ಬಡ ಪಾಲಕರು ಕಣ್ಣು ಕಾಣದ ಮಗನ ಕೈಹಿಡಿದು ಗದಗದ ದಾರಿ ಕೇಳುವುದು ನಿಂತಿಲ್ಲ. ಅಲ್ಲಿ ಆ ಮಗುವಿಗೆ ಮರುಕಕ್ಕಿಂತ ಮೊದಲು ಶ್ರುತಿ ಸಿಗುತ್ತದೆ, ಅದರ ಬೆನ್ನಿಗೆ ಒಡನಾಡಿಗಳ ಬಳಗ ಸಿಗುತ್ತದೆ. ನಿಡಗುಂದಿಕೊಪ್ಪದಲ್ಲಿ 1914ರಲ್ಲಿ ಹಾಕಿದ ಪಂಕ್ತಿ ಇನ್ನೂ ಎದ್ದಿಲ್ಲ.